ಮುಂದಿನ ಚಕ್ರಕ್ಕೂ ಚೈನು

ಕಾಬಲ್ ಹಿಲ್, ಈಸ್ಟ್ ಹ್ಯಾರೋ, ವರ್ಮಾಂಟ್
ನವೆಂಬರ್ 3, 1996

ಓರಿನ್,

ಕಳೆದ ಸೋಮವಾರ ಊರ ಬೋರ್ಡಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು, "ಇನ್ಮೇಲೆ ಓರಿನ್ ವೀಲಾಕ್ ಜೊತೆ ನಾನು ಮಾತಾಡಲ್ಲ" ಎಂದೆನಲ್ಲ, ಆ ಮಾತಿಗೆ ಬದ್ಧಳಾಗಿದ್ದೇನೆ. ಬರೆಯುವುದಿಲ್ಲ ಎಂದು ಹೇಳಿರಲಿಲ್ಲ.

ವಿಷಯ ಟೈರಿನದು. ನನ್ನ ಗಂಡ ಲೈಲ್ ತೀರಿಹೋದಾಗಿನಿಂದ ಕೊಟ್ಟಿಗೆಯಲ್ಲಿ ನಿಂತಿರುವ ಅವನ ಹಸಿರು ಟ್ರಕ್ಕನ್ನು ಹೊರಗೆ ತೆಗೆದಿದ್ದೇನೆ. ಮೂವತ್ತು ವರ್ಷದ ಗಾಡಿ, ಆದರೆ ಎಂಜಿನ್ ಎರಡನೇ ಸಲಕ್ಕೇ ಹತ್ತಿಕೊಂಡಿತು. ಮುಂಭಾಗದಲ್ಲಿರುವ, ಹಿಮ ತಳ್ಳುವ ಬ್ಲೇಡು ಏಳುತ್ತದೆ, ಇಳಿಯುತ್ತದೆ. ಟೈರು ಮಾತ್ರ ಬೋಳಾಗಿವೆ. ನಾಲ್ಕು ಹೊಸ ಟೈರು ಬೇಕು, ಹಿಮದಲ್ಲಿ ಜಾರದಂತೆ ಅವುಗಳಿಗೆ ಸುತ್ತುವ ಚೈನು ಬೇಕು. ಸುತ್ತಮುತ್ತ ಇರುವುದು ನಿನ್ನ ಗ್ಯಾರೇಜ್ ಒಂದೇ ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ. ಬೇರೆ ಇದ್ದಿದ್ದರೆ ಅಲ್ಲಿಗೆ ಬರೆಯುತ್ತಿದ್ದೆ.

ಬೋರ್ಡಿನ ಮೂವರಲ್ಲಿ ಅಧ್ಯಕ್ಷ ಮೆರಿಟ್ ಕೋಲ್ಬರ್ನ್ ನಮ್ಮ ರಸ್ತೆ ಕೈಬಿಡಲು ಕೈ ಎತ್ತುತ್ತಾನೆಂದು ನನಗೆ ಗೊತ್ತಿತ್ತು. ಅವನ ಕಣ್ಣಿಗೆ ನಮ್ಮ ಬೆಟ್ಟವೆಂದರೆ ಒಂದು ಖರ್ಚು, ಅಷ್ಟೇ. ಆದರೆ ನೀನು? ಇದೇ ಬೆಟ್ಟದ ಒಂದೇ ಕೋಣೆಯ ಶಾಲೆಯಲ್ಲಿ ನನ್ನ ಪಕ್ಕ ಕೂತು ಓದಿದವನು, ಒಲೆಯ ಮೇಲೆ ಒಣಗಿದ ನನ್ನ ಕೈಗವಸು ಹಾಕಿಕೊಂಡು ನಿನ್ನ ಒದ್ದೆಯದನ್ನು ನನಗೆ ಬಿಟ್ಟು ಹೋಗುತ್ತಿದ್ದವನು, ನೀನೂ ಕೈ ಎತ್ತಿದೆ.

ಈ ಚಳಿಗಾಲದಿಂದ ಕಾಬಲ್ ಹಿಲ್ ರಸ್ತೆಗೆ ಹಿಮ ತೆಗೆಯುವ ಊರಿನ ಲಾರಿ ಬರುವುದಿಲ್ಲ. ಊರವರೆಲ್ಲ ಓಟು ಹಾಕುವ ಮಾರ್ಚಿನ ಊರಸಭೆಯಲ್ಲಿ ಅದನ್ನು ರಸ್ತೆಯೇ ಅಲ್ಲ, ಕಾಲುದಾರಿ ಎಂದು ಸಾರುವ ಠರಾವು. ಕಾರಣ ಕೇಳಿದರೆ ಮೆರಿಟ್ ಹೇಳಿದ್ದು: "ಚಳಿಗಾಲದಲ್ಲಿ ಆ ಬೆಟ್ಟಾನ ತೆರೆದಿಡೋಕೆ ಯಾರಿಂದ್ಲೂ ಆಗಲ್ಲ."

ನಾನು ತೆರೆದಿಡುತ್ತೇನೆ. ಊರಸಭೆಯ ದಿನದವರೆಗೆ ಒಂದು ದಿನವೂ ಮುಚ್ಚದಂತೆ. ನನ್ನ ಮೇಲಿನ ಮನೆಯ ಟೆಸ್ ಮತ್ತು ಆನ್ಸೆಲ್ ಕ್ವಿಂಬಿ ಮೇಕೆ ಕಟ್ಟಿದ್ದಾರೆ. ಅವರ ಹಾಲು ದಿನಾ ಕೆಳಗಿಳಿದು ಚೀಸ್ ಮಾಡುವವರಿಗೆ ತಲುಪಬೇಕು. ರಸ್ತೆ ಹೋದರೆ ಅವರು ಹೋಗುತ್ತಾರೆ. ಅವರು ಹೋದರೆ ಮೆರಿಟ್ ಹೇಳಿದ್ದು ನಿಜವಾಗಿಬಿಡುತ್ತದೆ.

ಟೈರಿನ ಬಗ್ಗೆ ಬರೆ. ಬೇರೆ ಏನೂ ಬೇಡ.

ವಿನಿಫ್ರೆಡ್ ಥ್ರಾಲ್


ವೀಲಾಕ್ ಗ್ಯಾರೇಜ್, ಈಸ್ಟ್ ಹ್ಯಾರೋ
ನವೆಂಬರ್ 7

ವಿನ್ನಿ,

ಕಾಗದ ಬಂತು. ಅಂಚೆಯವಳು ಗ್ಯಾರೇಜಿನಲ್ಲಿದ್ದವರಿಗೆಲ್ಲ ಕೇಳುವಂತೆ "ಏನ್ ಓರಿನ್, ಈ ವಯಸ್ಸಲ್ಲಿ ಪ್ರೇಮಪತ್ರಾನಾ?" ಎಂದು ಕೂಗಿದಳು. ಮುಂದಿನ ಸಲ ಲಕೋಟೆಯ ಮೇಲೆ 'ಟೈರಿನ ವಿಷಯ' ಎಂದು ಬರೆ.

ನನ್ನಲ್ಲಿ ಒಂದು ಸೆಟ್ಟು ಅಗಲ ಟೈರು ಇವೆ. ಒಂದೇ ಚಳಿಗಾಲ ಓಡಿದವು, ಗೀರು ಇನ್ನೂ ಆಳವಾಗಿದೆ. ನಾಲ್ಕಕ್ಕೆ ನಾಲ್ಕೂ ಇವೆ. ಈಗ ಎಲ್ಲರೂ ಕೇಳುವುದು ಅಗಲದ್ದನ್ನೇ. ಚೈನು ಹಿಂದಿನ ಚಕ್ರಕ್ಕೆ ಒಂದು ಜೊತೆ ಸಾಕು. ಟ್ರಕ್ಕಿನ ಹಿಂಭಾಗದಲ್ಲಿ ಮರಳಿನ ಚೀಲ ಹಾಕು, ಸರಿಯಾಗಿ ಗಾಲಿಯ ಮೇಲೆ ಬರುವ ಹಾಗೆ.

ನನ್ನ ಮಾತು ಕೇಳುವುದಾದರೆ ಇದ್ಯಾವುದೂ ಬೇಡ. ಗ್ರಂಥಾಲಯದ ಮೇಲಿನ ಎರಡು ಕೋಣೆ ಖಾಲಿ ಇವೆ. ನಲವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿಕೊಟ್ಟವಳಿಗೆ ಕೆಳಗೆ ಅಷ್ಟು ಪುಸ್ತಕವಿರುವಾಗ ಇನ್ನೇನು ಬೇಕು? ಚಳಿಗಾಲ ಕಳೆದು ಬೆಟ್ಟಕ್ಕೆ ಹೋದರಾಯಿತು.

ಆ ರಸ್ತೆ ಒಳ್ಳೆಯದಲ್ಲ. ಕಳೆದ ಫೆಬ್ರವರಿಯಲ್ಲಿ ಮೊಣಕೈ ತಿರುವಿನಲ್ಲಿ ಏನಾಯಿತೆಂದು ನಿನಗೆ ಗೊತ್ತು. ಅದರ ಬಗ್ಗೆ ಬರೆಯುವುದಿಲ್ಲ.

ಓರಿನ್


ಕಾಬಲ್ ಹಿಲ್
ನವೆಂಬರ್ 12

ಓರಿನ್,

ಲಕೋಟೆಯ ಮೇಲೆ ನೀನು ಹೇಳಿದಂತೆಯೇ ಬರೆದಿದ್ದೇನೆ, ದಪ್ಪ ಅಕ್ಷರದಲ್ಲಿ.

ಅಗಲ ಟೈರು ನಿನ್ನಲ್ಲೇ ಇರಲಿ. ಅದನ್ನು ಕೇಳುವವರು ಹಿಮದ ಮೇಲೆ ತೇಲಿಕೊಂಡು ಸವಾರಿ ಹೋಗುವವರು. ನಾನು ಹೋಗುವುದು ಕೆಲಸಕ್ಕೆ. ಮುಂದೆ ಅಷ್ಟು ಭಾರದ ಹಿಮ ತಳ್ಳುತ್ತಿರುವಾಗ ಟೈರು ಹಿಮವನ್ನು ಸೀಳಿ ಕೆಳಗಿನ ಜಲ್ಲಿಯನ್ನು ಮುಟ್ಟಬೇಕು. ಅಗಲದ್ದು ಹಿಮವನ್ನು ಹಾಸಿಗೆ ಮಾಡಿಕೊಂಡು ಅದರ ಮೇಲೆ ಕೂರುತ್ತದೆ. ಹಾಸಿಗೆ ಜಾರಿದರೆ ಗಾಡಿಯೂ ಜಾರುತ್ತದೆ. ನನಗೆ ಬೇಕಾದದ್ದು ಎತ್ತರದ, ಕಿರಿದಾದ ಟೈರು, ಈ ಟ್ರಕ್ಕು ಹೊಸದಾಗಿ ಬಂದಾಗ ಇದ್ದಂಥದ್ದು. ಸಿಗುವುದಿಲ್ಲ ಎನ್ನಬೇಡ. ಹಾಲಿನ ಲಾರಿಗಳಿಗೆ ಈಗಲೂ ತರಿಸುತ್ತೀಯ. ನಿನ್ನ ಅಂಗಳದಲ್ಲಿ ರಾಶಿ ಬಿದ್ದಿರುವ ಹಳೆಯವನ್ನು ನೋಡಿದ್ದೇನೆ.

ಚೈನು ಎರಡು ಜೊತೆ ಬೇಕು. ಹಿಂದಕ್ಕೊಂದು, ಮುಂದಕ್ಕೊಂದು.

ಗ್ರಂಥಾಲಯದ ಮೇಲಿನ ಕೋಣೆಯ ಮಾತೆತ್ತಿದೆ. ಆ ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದೇನೆ. ಅದಕ್ಕೇ ಈ ಊರು ರಸ್ತೆಗಳನ್ನು ಹೇಗೆ ಕೊಲ್ಲುತ್ತದೆ ಎಂಬುದು ನನಗೆ ಗೊತ್ತು. ಬೀನ್ ಹಿಲ್ ರಸ್ತೆ ನೆನಪಿದೆಯೇ? ಮೊದಲು ಹಿಮ ತೆಗೆಯುವುದನ್ನು ನಿಲ್ಲಿಸಿದರು, 'ಈ ಒಂದು ಚಳಿಗಾಲ ಮಾತ್ರ' ಎಂದು. ಆಮೇಲೆ ಮೋರಿ ಕುಸಿಯಿತು, ಯಾರೂ ಕಟ್ಟಲಿಲ್ಲ. ಆಮೇಲೆ ಹೆಸರಿನ ಹಲಗೆ ಬಿತ್ತು, ಯಾರೂ ನಿಲ್ಲಿಸಲಿಲ್ಲ. ಈಗ ನಕ್ಷೆಯಲ್ಲೂ ಇಲ್ಲ. ಅಲ್ಲಿ ನಾಲ್ಕು ಮನೆಯವರು ಇದ್ದರು ಎಂದರೆ ನಿನ್ನ ಮಗನ ವಯಸ್ಸಿನವರು ನಂಬುವುದಿಲ್ಲ. ಹಳೆಯ ಗರಗಸದ ಮಿಲ್ಲಿನ ರಸ್ತೆಯದೂ ಇದೇ ಕಥೆ. ಪ್ರತಿ ಸಲವೂ ಬೋರ್ಡಿನಲ್ಲಿ ಕೂತವರು 'ಅಲ್ಲಿ ಯಾರಿದ್ದಾರೆ?' ಎಂದೇ ಕೇಳಿದರು. ಅಲ್ಲಿದ್ದವರು ಎದುರಿಗೇ ಕೂತಿದ್ದರು.

ಈ ಊರು ಹುಟ್ಟಿದ್ದು ಹೊಳೆಯ ದಂಡೆಯಲ್ಲಲ್ಲ. ಮೊದಲ ಇಪ್ಪತ್ತು ಮನೆ ಕಾಬಲ್ ಹಿಲ್ ಮೇಲೆ ಕಟ್ಟಿದರು. ಹೊಳೆಗೆ ಮಿಲ್ಲು ಬಂದ ಮೇಲೆ ಜನ ಕೆಳಗಿಳಿದರು. ಬೆಟ್ಟ ಊರಿಗೆ ಬಾಲವಲ್ಲ, ಊರೇ ಬೆಟ್ಟಕ್ಕೆ ಬಾಲ.

ಮೊಣಕೈ ತಿರುವಿನ ಬಗ್ಗೆ ನೀನು ಬರೆಯುವುದಿಲ್ಲ ಎಂದರೆ ಬೇಡ. ನಿನ್ನ ಮಗ ಡೇಲ್ ಓಡಿಸುತ್ತಿದ್ದ ಊರಿನ ಲಾರಿ ಅವನನ್ನು ಹೊತ್ತುಕೊಂಡು ಹಳ್ಳಕ್ಕೆ ಇಳಿದ ಸದ್ದು ನನ್ನ ಅಡುಗೆಮನೆಗೆ ಕೇಳಿಸಿತ್ತು. ಹಗ್ಗ ಹಿಡಿದು ಮೊದಲು ಓಡಿದವಳು ನಾನು. ಅವನು ಬಾಗಿಲು ಒದ್ದು ಹೊರಬಂದು, "ಟೀಚರ್, ಲಾರಿಗೆ ಏನೂ ಆಗಿಲ್ಲ ತಾನೇ?" ಎಂದ. ಹಣೆಯಿಂದ ರಕ್ತ ಸುರಿಯುತ್ತಿತ್ತು. ನೀನು ಬಂದದ್ದು ಆಮೇಲೆ.

ವಿನಿಫ್ರೆಡ್


ವೀಲಾಕ್ ಗ್ಯಾರೇಜ್
ನವೆಂಬರ್ 21

ವಿನ್ನಿ,

ನಿನ್ನ ಬೈಸಿಕಲ್ ಟೈರು ಬಂದಿವೆ. ಹೊಸವು. ಗೀರು ಒರಟು, ರಬ್ಬರು ಮೆದು, ಚಳಿಗೆ ಕಲ್ಲಾಗುವುದಿಲ್ಲ. ಹಾಲಿನ ಲಾರಿಯವರನ್ನು ಬಿಟ್ಟರೆ ಈ ಕಡೆ ಅಂಥದ್ದನ್ನು ಕೇಳಿದವಳು ನೀನೊಬ್ಬಳೇ. ಗ್ಯಾರೇಜಿನಲ್ಲಿ ಕಾಫಿ ಕುಡಿಯಲು ಬರುವವರೆಲ್ಲ ನಿನ್ನ ಹೆಸರು ಹೇಳಿ ನಗುತ್ತಿದ್ದಾರೆ. ನಾನೂ ನಕ್ಕೆ. ಆಮೇಲೆ ಒಂದು ಟೈರನ್ನು ಕೈಯಲ್ಲಿ ಹಿಡಿದು ನೋಡಿದೆ. ಕೆಟ್ಟ ಆಯ್ಕೆಯಲ್ಲ.

ಡೇಲ್ ತಂದು ಬೆಟ್ಟದ ಬುಡದಲ್ಲಿ ನಿನ್ನ ಅಂಚೆಪೆಟ್ಟಿಗೆಯ ಹತ್ತಿರ ಇಳಿಸಿ, ಅಲ್ಲೇ ಹಾಕಿಕೊಟ್ಟು ಬರುತ್ತಾನೆ. ಟ್ರಕ್ಕನ್ನು ನೀನು ಕೆಳಗೆ ತಾ. ಅವನನ್ನು ನಾನು ಮೇಲಕ್ಕೆ ಕಳಿಸುವುದಿಲ್ಲ.

ಚೈನು ಒಂದು ಜೊತೆ, ಹಿಂದಕ್ಕೆ. ಅಡ್ಡಕೊಂಡಿಗಳ ಬಾಯಿ ಹೊರಗೆ ಇರಬೇಕು, ಒಳಗೆ ಇದ್ದರೆ ಟೈರನ್ನು ತಿನ್ನುತ್ತದೆ. ಬಿಗಿದ ಮೇಲೆ ಸ್ವಲ್ಪ ದೂರ ಓಡಿಸಿ, ಇಳಿದು ಮತ್ತೆ ಬಿಗಿ. ಎಲ್ಲರೂ ಮರೆಯುವುದು ಇದನ್ನೇ. ಸಡಿಲ ಚೈನು ಇಲ್ಲದ ಚೈನಿಗಿಂತ ಕೆಟ್ಟದ್ದು.

ಮುಂದಕ್ಕೆ ಕೊಡುವುದಿಲ್ಲ. ಆ ಟ್ರಕ್ಕಿನಲ್ಲಿ ಚಕ್ರ ಪೂರ್ತಿ ತಿರುಗಿಸಿದಾಗ ಚೈನು ಬ್ರೇಕಿನ ಪೈಪಿಗೆ ತಾಗುತ್ತದೆ. ಪೈಪು ಹರಿದರೆ ಬ್ರೇಕೇ ಇರುವುದಿಲ್ಲ. ಅಲ್ಲದೆ ಈ ಊರಿನಲ್ಲಿ ಮುಂದಕ್ಕೆ ಯಾರೂ ಹಾಕುವುದಿಲ್ಲ. ನನ್ನ ಅಪ್ಪ ಹಾಕಲಿಲ್ಲ, ನಾನೂ ಹಾಕಿಲ್ಲ.

ಓರಿನ್


ಕಾಬಲ್ ಹಿಲ್
ಡಿಸೆಂಬರ್ 8

ಓರಿನ್,

ಮೊದಲ ದೊಡ್ಡ ಹಿಮ ಬಿತ್ತು. ರಸ್ತೆ ತೆರೆದಿದೆ.

ಅದಕ್ಕೂ ಮೊದಲು ಎರಡು ಸಲ ತೆಳುವಾಗಿ ಬಿದ್ದಿತ್ತು. ನಾನು ಬ್ಲೇಡು ಇಳಿಸಲಿಲ್ಲ. ನೆಲ ಗಟ್ಟಿಯಾಗುವ ಮೊದಲೇ ಕೆರೆದರೆ ಜಲ್ಲಿಯೆಲ್ಲ ಚರಂಡಿಗೆ ಹೋಗುತ್ತದೆ. ಮೆರಿಟ್ ತನ್ನ ಕಾರು ನಿಲ್ಲಿಸಿಕೊಂಡು ಬೆಟ್ಟದ ಬುಡದಲ್ಲಿ ಕಾಯುತ್ತಿದ್ದನಂತೆ, ಮುದುಕಿ ಕೈಬಿಟ್ಟಳು ಎಂದು ಹೇಳಲು. ಚಳಿಯಲ್ಲಿ ಕಾಯಲಿ, ಮೈಗೆ ಒಳ್ಳೆಯದು.

ಡೇಲ್ ಟೈರು ಹಾಕಿಕೊಟ್ಟ ದಿನದ ಮಾತು ನಿನಗೆ ತಿಳಿಸಬೇಕು. ನಾನು ಚೈನು ಬಿಗಿಯುವುದನ್ನು ನಿಂತು ನೋಡುತ್ತ, ಬೇಕಾದ್ದು ಬೇಡದ್ದು ಎಲ್ಲ ಮಾತಾಡಿ, ಕೊನೆಗೆ ಅವನೇ ಶುರು ಮಾಡಿದ.

"ಟೀಚರ್, ಹತ್ತುವಾಗ ಯೋಚನೆ ಮಾಡ್ಬೇಡಿ. ಈ ಚೈನು ಗೋಡೆ ಬೇಕಾದ್ರೂ ಹತ್ತಿಸುತ್ತೆ."

"ಇಳಿಯುವಾಗ?"

ಅವನು ಕೈಗವಸು ತೆಗೆದು ಮತ್ತೆ ಹಾಕಿಕೊಂಡ. "ಇಳಿಯುವಾಗ ನಿಧಾನ ಇರಿ."

"ಆವತ್ತು ನೀನು ಜೋರಾಗಿ ಬಂದಿದ್ಯಾ?"

"ಇಲ್ಲ ಟೀಚರ್! ಆಣೆ ಮಾಡ್ತೀನಿ. ನಡೆದು ಬಂದಷ್ಟೇ ನಿಧಾನ. ಹಿಂದಿನ ಚಕ್ರ ಗಟ್ಟಿಯಾಗಿ ಹಿಡ್ಕೊಂಡಿತ್ತು. ಸ್ಟೀರಿಂಗ್ ತಿರುಗಿಸಿದೆ. ಮುಂದಿನ ಚಕ್ರ ತಿರುಗಿತು, ಲಾರಿ ತಿರುಗಲಿಲ್ಲ. ನೇರ ಹೋಯ್ತು."

"ಅಪ್ಪನಿಗೆ ಹೇಳಿದ್ಯಾ?"

"ಅಪ್ಪ ಕೇಳಲಿಲ್ಲ."

ಹುಡುಗನಾಗಿದ್ದಾಗ ನನ್ನ ತರಗತಿಯಲ್ಲಿ ಅವನಿಗೆ ಯಾವ ರಾಜ್ಯ ಯಾವಾಗ ಒಕ್ಕೂಟಕ್ಕೆ ಸೇರಿತು ಎಂಬುದು ಒಂದು ದಿನವೂ ನೆನಪಿರಲಿಲ್ಲ. ಆದರೆ ನಡೆದದ್ದನ್ನು ನಡೆದಂತೆ ಹೇಳುವುದು ಅವನಿಗೆ ಬರುತ್ತಿತ್ತು. ಈಗಲೂ ಬರುತ್ತದೆ.

ಇಲ್ಲಿ ಟೆಸ್ ಕ್ವಿಂಬಿ ನನ್ನನ್ನು ನೋಡಿ ನಗುತ್ತಾಳೆ. ಹಿಮದ ದಂಡೆಯನ್ನು ನಾನು ರಸ್ತೆಯಾಚೆ ಬೇಲಿಯವರೆಗೂ ತಳ್ಳುತ್ತೇನೆ. "ಅಲ್ಲಮ್ಮಾ, ನಮ್ದೊಂದು ಗಾಡಿ, ನಿಮ್ದೊಂದು ಟ್ರಕ್ಕು. ವಿಮಾನ ಇಳಿಸ್ತೀರಾ ಇಲ್ಲಿ?" ಎಂದಳು. ಡಿಸೆಂಬರಿನಲ್ಲಿ ದೂರಕ್ಕೆ ತಳ್ಳದಿದ್ದರೆ ಫೆಬ್ರವರಿಯ ಹಿಮಕ್ಕೆ ಜಾಗವೇ ಇರುವುದಿಲ್ಲ. ಹೆಪ್ಪುಗಟ್ಟಿದ ದಂಡೆಯನ್ನು ದೇವರೂ ಕದಲಿಸಲಾರ, ರಸ್ತೆ ಎರಡೂ ಕಡೆಯಿಂದ ಕಿರಿದಾಗುತ್ತ ತಾನೇ ಮುಚ್ಚಿಕೊಳ್ಳುತ್ತದೆ ಎಂದೆ. ಮರುದಿನ ಆನ್ಸೆಲ್ ಬೇಲಿಯ ಎರಡು ಕಂಬ ಕಿತ್ತು ನನಗೆ ಇನ್ನೂ ಜಾಗ ಮಾಡಿಕೊಟ್ಟ.

ಮುಂದಿನ ಚಕ್ರಕ್ಕೆ ಚೈನು ಬೇಕು, ಓರಿನ್. ಎರಡನೆಯ ಸಲ ಕೇಳುತ್ತಿದ್ದೇನೆ.

ವಿನಿಫ್ರೆಡ್


ಕಾಬಲ್ ಹಿಲ್
ಜನವರಿ 11, 1997

ಓರಿನ್,

ನನ್ನ ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ಕ್ರಿಸ್‌ಮಸ್‌ಗೆ ಊರಿನವರಿಗೆಲ್ಲ ಕಳಿಸುವ ಗ್ಯಾರೇಜಿನ ಕ್ಯಾಲೆಂಡರ್ ಮಾತ್ರ ಬಂತು. ಗೋಡೆಗೆ ಹಾಕಿದ್ದೇನೆ, ಬೇಸಾಯದ ಚಿತ್ರ ಚೆನ್ನಾಗಿದೆ.

ನಿನ್ನೆ ಮಳೆ ಬಿದ್ದು ಹೆಪ್ಪುಗಟ್ಟಿತು, ಅದರ ಮೇಲೆ ಹಿಮ. ಬೆಳಗ್ಗೆ ಹಾಲು ಇಳಿಯುವ ಹೊತ್ತಿಗೆ ಮೊದಲು ನಾನು ಇಳಿದೆ, ಬ್ಲೇಡು ಕೆಳಗಿಟ್ಟುಕೊಂಡು, ಕೆಳಗಿನ ಗೇರಿನಲ್ಲಿ, ಬ್ರೇಕು ಮುಟ್ಟದೆ. ಮೊಣಕೈ ತಿರುವಿಗೆ ಬಂದು ಸ್ಟೀರಿಂಗ್ ತಿರುಗಿಸಿದೆ. ಡೇಲ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಚಕ್ರ ತಿರುಗಿತು, ಟ್ರಕ್ಕು ತಿರುಗಲಿಲ್ಲ. ಹಿಂದಿನವು ನೆಲ ಕಚ್ಚಿ ಹಿಡಿದಿವೆ, ಮುಂದಿನವು ಬ್ಲೇಡಿನ ಭಾರ ಹೊತ್ತು ಗಾಜಿನ ಮೇಲೆ ಹೋದಂತೆ ಹೋಗುತ್ತಿವೆ. ನೇರ ಹೋಗಿ ಹಿಮದ ದಂಡೆಯೊಳಗೆ ಮೂಗು ತೂರಿ ನಿಂತೆ.

ಆ ದಂಡೆಯನ್ನು ಡಿಸೆಂಬರಿನಲ್ಲಿ ಆಚೆ ತಳ್ಳಿ ಗೋಡೆಯಂತೆ ಪೇರಿಸಿದ್ದರಿಂದ ಹಳ್ಳ ಇನ್ನೂ ದೂರವಿತ್ತು. ಆನ್ಸೆಲ್ ಬಂದು ಎಳೆದ. ಆಮೇಲೆ ಅಗ್ಗಿಷ್ಟಿಕೆಯ ಬೂದಿ ಚೆಲ್ಲಿ ಅವನ ಗಾಡಿಯನ್ನು ಇಳಿಸಿದೆವು. ಹಾಲು ತಡವಾಯಿತು, ಕೆಡಲಿಲ್ಲ. ರಸ್ತೆ ಮುಚ್ಚಲಿಲ್ಲ. ಮೆರಿಟ್‌ಗೆ ಇದನ್ನು ಹೇಳುವುದಿದ್ದರೆ ಈ ಕೊನೆಯ ವಾಕ್ಯವನ್ನೂ ಹೇಳು.

ಈಗ ನಾನು ಯೋಚಿಸಿದ್ದನ್ನು ಕೇಳು. ಈ ಊರಿನಲ್ಲಿ ಎಲ್ಲರೂ ಚೈನನ್ನು ಹತ್ತುವುದಕ್ಕೆ ಎಂದುಕೊಂಡಿದ್ದಾರೆ. ಸಿಕ್ಕಿಬೀಳುವ ಭಯ ಎಲ್ಲರಿಗೂ. ಅದಕ್ಕೆ ತಳ್ಳುವ ಚಕ್ರಕ್ಕೆ ಹಾಕುತ್ತಾರೆ. ಆದರೆ ಬೆಟ್ಟದಲ್ಲಿ ಹತ್ತಲಾಗದವನು ಅಲ್ಲೇ ನಿಲ್ಲುತ್ತಾನೆ, ಕಾಲು ಬೀಸಿಕೊಂಡು ಮನೆಗೆ ಹೋಗುತ್ತಾನೆ. ಇಳಿಯಲಾಗದವನು ಹಳ್ಳಕ್ಕೆ ಹೋಗುತ್ತಾನೆ. ಇಳಿಯುವಾಗ ದಾರಿ ಹಿಡಿಯುವುದು ಮುಂದಿನ ಚಕ್ರ.

ನಿನ್ನ ಮಗನನ್ನು ಹಳ್ಳಕ್ಕೆ ತಳ್ಳಿದ್ದು ಈ ಬೆಟ್ಟವಲ್ಲ, ಈ ರಸ್ತೆಯಲ್ಲ, ಅವನ ಕೈಯೂ ಅಲ್ಲ. ಲಾರಿಗೆ ಚೈನು ಹಾಕಿದ್ದು ಯಾರೆಂದು ನಾನು ಕೇಳುವುದಿಲ್ಲ. ನೀನು ಯಾಕೆ ಕೈ ಎತ್ತಿದೆ ಎಂದೂ ಇನ್ನು ಕೇಳುವುದಿಲ್ಲ. ಆದರೆ ಒಂದು ಬೆಟ್ಟಕ್ಕೆ ಹೆದರಿ ಅದನ್ನು ನಕ್ಷೆಯಿಂದ ಅಳಿಸಿದರೆ ಭಯ ಅಳಿಯುತ್ತದೆಯೇ? ಡೇಲ್ ಇಳಿಯಬೇಕಾದ ಬೆಟ್ಟ ಈ ಊರಿನಲ್ಲಿ ಇದೊಂದೇ ಅಲ್ಲ.

ಮೂರನೆಯ ಸಲ ಕೇಳುತ್ತಿದ್ದೇನೆ.

ವಿನಿಫ್ರೆಡ್


ವೀಲಾಕ್ ಗ್ಯಾರೇಜ್
ಜನವರಿ 16

ಶ್ರೀಮತಿ ಥ್ರಾಲ್ ಅವರಿಗೆ,

ಬೋರ್ಡಿನ ವಿಷಯ ಬೋರ್ಡಿನಲ್ಲಿ. ಗ್ಯಾರೇಜಿನ ವಿಷಯ ಗ್ಯಾರೇಜಿನಲ್ಲಿ. ನನ್ನ ಮನೆಯ ವಿಷಯ ಎಲ್ಲಿಯೂ ಇಲ್ಲ.

ಬ್ರೇಕಿನ ಪೈಪಿನ ಬಗ್ಗೆ ಆಗಲೇ ತಿಳಿಸಿದ್ದೇನೆ.

ಓ. ವೀಲಾಕ್


ಕಾಬಲ್ ಹಿಲ್
ಫೆಬ್ರವರಿ 5

ಓರಿನ್,

ನಿನ್ನೆ ನನ್ನ ಅಂಚೆಪೆಟ್ಟಿಗೆಯ ಬುಡದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಚೀಟಿಯಿಲ್ಲ, ಹೆಸರಿಲ್ಲ. ಒಳಗೆ ಒಂದು ಜೊತೆ ಚೈನು, ನನ್ನ ಕಿರಿದಾದ ಟೈರಿನ ಅಳತೆಗೆ ಕತ್ತರಿಸಿ ಕೊಂಡಿ ಜೋಡಿಸಿದ್ದು. ಕೆಳಗೆ ಕಬ್ಬಿಣದ ಪಟ್ಟಿ ಬಗ್ಗಿಸಿ ಮಾಡಿದ ಎರಡು ಕ್ಲಿಪ್ಪು. ಬ್ರೇಕಿನ ಪೈಪನ್ನು ಎತ್ತಿ ಚೌಕಟ್ಟಿಗೆ ಬಿಗಿಯುವುದಕ್ಕೆ ಎಂದು ನೋಡಿದ ಕೂಡಲೇ ತಿಳಿಯಿತು. ಅಂಗಡಿಯಲ್ಲಿ ಸಿಗುವ ಮಾಲಲ್ಲ ಅದು. ಚೂಪಾದ ಅಂಚನ್ನು ಕೂಡ ಅರದಿಂದ ಉಜ್ಜಿ ನುಣುಪು ಮಾಡಿದ್ದರು, ಪೈಪಿಗೆ ತಾಗಿದರೂ ಹರಿಯದ ಹಾಗೆ.

ಆನ್ಸೆಲ್ ಗಾಡಿಯ ಕೆಳಗೆ ಮಲಗಿ ಬಿಗಿದುಕೊಟ್ಟ. ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿದೆವು. ಅಗಲ ಟೈರಾಗಿದ್ದರೆ ತಾಗುತ್ತಿತ್ತು. ಇದಕ್ಕೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ. ಬೈಸಿಕಲ್ ಟೈರೆಂದು ನಕ್ಕವರಿಗೆ ಹೇಳು.

ಸ್ವಲ್ಪ ದೂರ ಓಡಿಸಿ, ಇಳಿದು, ಮತ್ತೆ ಬಿಗಿದೆ. ಆಮೇಲೆ ಮೊಣಕೈ ತಿರುವನ್ನು ಇಳಿದೆ. ಬೇಕೆಂದೇ ಮೂರು ಸಲ ಹತ್ತಿ ಇಳಿದೆ. ಟ್ರಕ್ಕು ಹೇಳಿದ ಕಡೆ ಹೋಯಿತು.

ಪೆಟ್ಟಿಗೆ ಯಾರು ಕಳಿಸಿದರೋ ನನಗೆ ಗೊತ್ತಿಲ್ಲ. ನಿನಗೆ ಅವರು ಸಿಕ್ಕಿದರೆ, ಕೊಂಡಿಗಳ ಬಾಯಿ ಹೊರಗೇ ಇವೆ ಎಂದು ತಿಳಿಸು.

ವಿನಿಫ್ರೆಡ್


ವೀಲಾಕ್ ಗ್ಯಾರೇಜ್
ಫೆಬ್ರವರಿ 26

ವಿನ್ನಿ,

ಅಂಥವರು ಯಾರೂ ನನಗೆ ಸಿಕ್ಕಿಲ್ಲ.

ರೇಡಿಯೋದಲ್ಲಿ ಕೇಳಿದ್ದೀಯೋ ಇಲ್ಲವೋ. ಊರಸಭೆಯ ಹಿಂದಿನ ರಾತ್ರಿ ದೊಡ್ಡ ಹಿಮ ಎನ್ನುತ್ತಿದ್ದಾರೆ. ಮೆರಿಟ್ ಖುಷಿಯಲ್ಲಿದ್ದಾನೆ. ನಿನ್ನೆ ಕಾಫಿ ಕುಡಿಯುತ್ತ, "ಬೆಟ್ಟದೋರು ಸಭೆಗೇ ಬರೋಕಾಗ್ಲಿಲ್ಲ ಅಂದ್ರೆ, ಮತ್ತೆ ನಾವು ವಾದ ಮಾಡೋದೇನಿದೆ?" ಎಂದ. ಊಟದ ನಂತರಕ್ಕಿದ್ದ ನಿಮ್ಮ ರಸ್ತೆಯ ಠರಾವನ್ನು ಎಲ್ಲಕ್ಕಿಂತ ಮೊದಲಿಗೆ ತಂದಿದ್ದಾನೆ. ಬೆಳಗ್ಗೆ ಒಂಬತ್ತಕ್ಕೆ. ಯಾರಿಗೂ ಕಾಯುವುದಿಲ್ಲವಂತೆ.

ಆ ಹಿಮದಲ್ಲಿ ನೀನು ಇಳಿಯಬೇಡ. ಇದು ಬೋರ್ಡಿನವನ ಮಾತಲ್ಲ.

ಇಳಿದೇ ಇಳಿಯುತ್ತೀ ಎಂದಾದರೆ, ಮುಂದಿನ ಚೈನನ್ನು ಬಿಗಿಹಿಡಿಯುವ ರಬ್ಬರು ಕಟ್ಟುಗಳನ್ನು ಹಿಂದಿನ ದಿನವೇ ಒಮ್ಮೆ ನೋಡಿಕೋ. ಚಳಿಗೆ ಬಿರುಕು ಬಿಡುತ್ತವೆ.

ಓರಿನ್


ಕಾಬಲ್ ಹಿಲ್
ಮಾರ್ಚ್ 6

ಓರಿನ್,

ನೀನು ಸಭೆಯಲ್ಲಿದ್ದೆ, ನಡೆದದ್ದು ನಿನಗೆ ಗೊತ್ತು. ಆದರೆ ಸಭೆಯ ಬಾಗಿಲಿಗೆ ಮುಂಚಿನದು ಗೊತ್ತಿಲ್ಲ. ಈ ಊರಿನಲ್ಲಿ ಬರೆದಿಡದ್ದನ್ನು ಇಲ್ಲವೆನ್ನುವ ಅಭ್ಯಾಸವಿರುವುದರಿಂದ ಬರೆಯುತ್ತಿದ್ದೇನೆ.

ರಬ್ಬರು ಕಟ್ಟುಗಳಲ್ಲಿ ಎರಡು ಬಿರುಕು ಬಿಟ್ಟಿದ್ದವು. ಬದಲಿಸಿದೆ.

ಬೆಳಕು ಹರಿಯುವ ಹೊತ್ತಿಗೆ ಹಿಮ ಟ್ರಕ್ಕಿನ ಬಾಗಿಲಿನವರೆಗೆ ಇತ್ತು. ಒಂದೇ ಸಲಕ್ಕೆ ತಳ್ಳಲು ಹೋಗದೆ, ಬ್ಲೇಡನ್ನು ಎತ್ತಿ ಮೇಲಿನ ಪದರ, ಆಮೇಲೆ ಕೆಳಗಿನ ಪದರ, ಹೀಗೆ ಇಳಿದೆ. ಡಿಸೆಂಬರಿನ ಜಾಗವೆಲ್ಲ ಆವತ್ತು ಬೇಕಾಯಿತು. ನನ್ನ ಹಿಂದೆ ಕ್ವಿಂಬಿಯವರ ಗಾಡಿ, ಹಾಲಿನ ಕ್ಯಾನುಗಳ ಜೊತೆ, ಸಭೆಯ ಊಟಕ್ಕೆಂದು ಟೆಸ್ ಮಾಡಿದ ಬೀನ್ಸಿನ ದೊಡ್ಡ ಮಡಕೆ. ಅವರ ಹಿಂದೆ ತುದಿಯ ಮನೆಯ ಮುದುಕ ಹೈರಮ್ ಸ್ಟಾಕರ್, ಯಾವತ್ತೂ ಸಭೆಗೆ ಬಾರದವನು, ತನ್ನ ಟ್ರ್ಯಾಕ್ಟರಿನಲ್ಲಿ. "ನಾನು ಓಟು ಹಾಕೋಕೆ ಬರ್ತಿಲ್ಲ. ಮೆರಿಟ್ ಮುಖ ನೋಡೋಕೆ ಬರ್ತಿದೀನಿ" ಎಂದ.

ಮೊಣಕೈ ತಿರುವಿನಲ್ಲಿ ಮುಂದಿನ ಚೈನು ನೆಲ ಕಚ್ಚುವುದು ಸ್ಟೀರಿಂಗಿನಲ್ಲಿ ನನ್ನ ಅಂಗೈಗೆ ತಿಳಿಯುತ್ತಿತ್ತು.

ಬೆಟ್ಟದ ಬುಡಕ್ಕೆ ಬಂದರೆ, ಕೆಳಗಿನ ರಸ್ತೆಯೇ ಮುಚ್ಚಿತ್ತು! ಡೇಲ್ ಒಬ್ಬನೇ ಊರಿಗೆಲ್ಲ ಒಂದು ಲಾರಿ ಇಟ್ಟುಕೊಂಡು ಎಲ್ಲಿಗೆಂದು ಹೋಗುತ್ತಾನೆ? ಬ್ಲೇಡು ಎತ್ತಲೇ ಇಲ್ಲ. ಸಭಾಭವನದವರೆಗೂ ತಳ್ಳಿಕೊಂಡೇ ಬಂದೆ. ಅಲ್ಲಿ ಅಂಗಳದಲ್ಲಿ ಜನ ಸಲಿಕೆ ಹಿಡಿದು ಬಾಗಿಲು ಹುಡುಕುತ್ತಿದ್ದರು. ಅಂಗಳವನ್ನೂ ತೆಗೆದುಕೊಟ್ಟೆ.

ಮೆರಿಟ್ ಬಂದದ್ದು ಆಮೇಲೆ, ಮಂಡಿಯವರೆಗೆ ಒದ್ದೆಯಾಗಿ, ನಡೆದುಕೊಂಡು. ಅವನ ಮನೆಯ ರಸ್ತೆ ತೆರೆದಿರಲಿಲ್ಲ. ಸಭೆಯಲ್ಲಿ ಅವನು ಎದ್ದು, "ಚಳಿಗಾಲದಲ್ಲಿ ಆ ಬೆಟ್ಟ..." ಎಂದು ಶುರು ಮಾಡಿದಾಗ ನಾನು ಕೇಳಿದ್ದು ನಿನಗೆ ನೆನಪಿರಬಹುದು. "ಮೆರಿಟ್, ಬೆಟ್ಟದವರು ನಾವು ಗಾಡಿಯಲ್ಲಿ ಬಂದ್ವಿ. ನೀನು ಹೇಗೆ ಬಂದೆ?" ಹೈರಮ್ ನಕ್ಕ ನಗು ಇನ್ನೂ ನಿಂತಿಲ್ಲ.

ಆದರೆ ನಗುವಿನಿಂದ ರಸ್ತೆ ಉಳಿಯುವುದಿಲ್ಲ. ಮೆರಿಟ್ ಜಾಣ. "ಒಬ್ಬ ಹಟಮಾರಿ ಹೆಂಗಸು ಒಂದು ಚಳಿಗಾಲ ಮಾಡಿದ್ದು ದೊಡ್ಡದೇ. ಆದ್ರೆ ನಮ್ಮ ಹುಡುಗರ ಜೀವಕ್ಕೆ ಹೊಣೆ ಯಾರು? ಕಳೆದ ವರ್ಷ ಡೇಲ್‌ಗೆ ಏನಾಯ್ತು ಎಲ್ರಿಗೂ ಗೊತ್ತು" ಎಂದ. ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಹೇಳಬಹುದಿತ್ತು. ಹೇಳಲಿಲ್ಲ. ಅದು ಹೇಳಬೇಕಾದವರು ಬೇರೆ ಇದ್ದರು.

ಆಗ ನೀನು ಎದ್ದೆ. ಬೋರ್ಡಿನ ಮೇಜಿನ ಹಿಂದಿನಿಂದ, ಟೋಪಿ ಕೈಯಲ್ಲಿ ಹಿಡಿದು. "ಈ ಠರಾವು ಕೈಬಿಡೋಣ. ರಸ್ತೆ ರಸ್ತೆಯಾಗೇ ಇರ್ಲಿ. ಊರಿನ ಲಾರಿಗೆ ಮುಂದಿನ ಚಕ್ರಕ್ಕೂ ಚೈನು ಹಾಕೋಣ, ನಾನೇ ಹಾಕ್ತೀನಿ."

ಮೆರಿಟ್ ತಿರುಗಿ, "ಮುಂದಕ್ಕಾ? ಮುಂದಕ್ಕೆ ಯಾಕಯ್ಯಾ?" ಎಂದ.

ನೀನು, "ಇಳಿಯೋಕೆ" ಎಂದೆ. ಎಂದು ಕೂತುಬಿಟ್ಟೆ.

ಯಾರಿಗೂ ಅರ್ಥವಾಗಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಡೇಲ್, ಆಗತಾನೇ ಲಾರಿ ನಿಲ್ಲಿಸಿ ಬಂದಿದ್ದವನು, ನೆಲ ನೋಡಿದ. ಆಮೇಲೆ ನಿನ್ನನ್ನು ನೋಡಿದ. ನಾನು ಕಿಟಕಿಯ ಹೊರಗೆ ನೋಡಿದೆ.

ಓಟಿನ ಹೊತ್ತಿಗೆ, ನಿನ್ನ ಮಾತಿಗೆ ಪರವಾದವರು ಈ ಗೋಡೆಗೆ, ವಿರೋಧದವರು ಆ ಗೋಡೆಗೆ ಎಂದಾಗ ನಮ್ಮ ಗೋಡೆಯ ಕಡೆ ಬೆಂಚು ಸರಿಸಬೇಕಾಯಿತು, ಅಷ್ಟು ಜನ. ಮೆರಿಟ್ ಅದನ್ನು 'ಈ ವರ್ಷದ ಮಟ್ಟಿಗೆ' ಎಂದು ದಾಖಲಿಸಲು ಹೇಳಿದ. 'ಈ ವರ್ಷದ ಮಟ್ಟಿಗೆ' ಎಂಬ ಮಾತು ನನಗೆ ಹಳೆಯ ಪರಿಚಯ. ಮುಂದಿನ ವರ್ಷವೂ ಬರುತ್ತೇನೆ.

ಊಟದಲ್ಲಿ ನಿನ್ನ ತಟ್ಟೆಗೆ ಬೀನ್ಸ್ ಬಡಿಸಿದೆ. ಮಾತಾಡಲಿಲ್ಲ. ಮಾತು ಮಾತೇ.

ವಿನಿಫ್ರೆಡ್


ವೀಲಾಕ್ ಗ್ಯಾರೇಜ್
ಏಪ್ರಿಲ್ 9

ವಿನ್ನಿ,

ಬೀನ್ಸಿಗೆ ಉಪ್ಪು ಕಡಿಮೆಯಿತ್ತು.

ಊರಿನ ಲಾರಿಗೆ ಮುಂದಿನ ಚೈನು ಹಾಕಿದೆ. ಡೇಲ್ ಪಕ್ಕದಲ್ಲಿ ಕೂತು ಕೊಂಡಿ ಕೊಡುತ್ತಿದ್ದ. ಮಾರ್ಚಿನ ಕೊನೆಯ ಹಿಮಕ್ಕೆ ಅವನೇ ಬೆಟ್ಟ ಹತ್ತಿ ಇಳಿದು ಬಂದ. ನಾನು ಕೆಳಗೆ ನಿನ್ನ ಅಂಚೆಪೆಟ್ಟಿಗೆಯ ಹತ್ತಿರ ನಿಂತಿದ್ದೆ. ನೀನು ರಸ್ತೆಯನ್ನು ಆಗಲೇ ತೆಗೆದುಬಿಟ್ಟಿದ್ದೆಯಂತೆ. "ತಡವಾಯ್ತು ಕಣೋ, ನಾಳೆ ಬೇಗ ಬಾ" ಎಂದೆಯಂತೆ. ಅವನು ಅದನ್ನು ಹೇಳಿಕೊಂಡು ದಿನವೆಲ್ಲ ನಕ್ಕ.

ಈಗ ಕೆಲಸದ ಮಾತು. ಹಿಮ ಹೋಗಿ ವಾರವಾಯಿತು. ಕೆಳಗಿನ ಡಾಂಬರು ರಸ್ತೆ ಪೂರ್ತಿ ಒಣಗಿದೆ. ನೀನು ಇನ್ನೂ ನಾಲ್ಕೂ ಚಕ್ರಕ್ಕೆ ಚೈನು ಬಿಗಿದುಕೊಂಡೇ ಅಂಚೆಕಚೇರಿಗೆ, ಅಂಗಡಿಗೆ, ಅಲ್ಲಿಂದ ಮೆರಿಟ್ ಮನೆಯ ಮುಂದಿನ ದಾರಿಯಲ್ಲೇ ಹೋಗುತ್ತಿದ್ದೀಯ. ಆ ದಾರಿ ನಿನಗೆ ಸುತ್ತು. ಚೈನು ಸವೆದು ಹಾಳಾಗುತ್ತದೆ, ಟೈರು ಹಾಳಾಗುತ್ತದೆ. ಬಿಚ್ಚಿ, ಎಣ್ಣೆ ಸವರಿ, ಕೊಟ್ಟಿಗೆಯಲ್ಲಿ ನೇತುಹಾಕು. ಅದೂ ಅಲ್ಲದೆ ಆ ಸದ್ದು ಊರಿಗೆಲ್ಲ ಕೇಳುತ್ತದೆ.

ಓರಿನ್


ಕಾಬಲ್ ಹಿಲ್ ರಸ್ತೆ
ಏಪ್ರಿಲ್ 11

ಓರಿನ್,

ಕೇಳಲಿ.

ವಿನ್ನಿ